ಅವ್ವನನ್ನು ಮಾತಾಡಿಸಲು ಬಂದವರು

ಅವ್ವನ ತೊಡೆಯ ಹೊಲಿಗೆ ಬಿಚ್ಚಿಸಿ ಮನೆಗೆ ಕರೆತಂದ ದಿನವೇ ಆಕೆ ಗುಣವಾದಳೆಂದು ನಮ್ಮೂರು ತೀರ್ಮಾನಿಸಿತು. ಗಾಯ ಒಣಗಿತ್ತು. ಪಟ್ಟಿಯೂ ಇರಲಿಲ್ಲ, ತೊಡೆಯ ಮೇಲೆ ಗೇಣುದ್ದದ ಒಂದು ಕಪ್ಪು ಗೆರೆ ಮಾತ್ರ. ಗಾಡಿಯಿಂದ ಇಳಿಸಿ ಪಡಸಾಲೆಯ ಮಂಚದ ಮೇಲೆ ಮಲಗಿಸುವಷ್ಟರಲ್ಲಿ ಅಂಗಳದಲ್ಲಿ ಹದಿನೇಳು ಮಂದಿ ಸೇರಿದ್ದರು. ಎಣಿಸುವುದು, ತಾರೀಕು ಹಾಕಿ ಬರೆದಿಡುವುದು ನನಗೆ ಹೈಸ್ಕೂಲಿನಿಂದ ಅಂಟಿದ ಚಟ. ಮಳೆ ಬಂದ ದಿನ, ಎಮ್ಮೆ ಈದ ದಿನ, ಶಾಲೆಗೆ ಬಂದ ಮಕ್ಕಳ ಸಂಖ್ಯೆ ಎಲ್ಲವನ್ನೂ ಬರೆಯುತ್ತೇನೆ. ಆ ದಿನವೂ ಬರೆದೆ: ಬಂದವರು ಹದಿನೇಳು, ಒಳಗೆ ಯಾರನ್ನೂ ಬಿಟ್ಟಿಲ್ಲ.

ಅಪಘಾತವಾದದ್ದು ಜುಲೈ ಮೊದಲ ವಾರದಲ್ಲಿ. ನಮ್ಮ ಊರು ನವಲಗುಂದ ತಾಲ್ಲೂಕಿನಲ್ಲಿ, ತಿರ್ಲಾಪುರಕ್ಕೆ ಹತ್ತಿರ. ಎಲ್ಲ ಕರಿಮಣ್ಣು. ಒಂದು ಮಳೆ ಬಿದ್ದರೆ ಸಾಕು, ಹೊಲದ ದಾರಿಗಳು ಎಣ್ಣೆ ಹಚ್ಚಿದಂತೆ ಜಾರುತ್ತವೆ. ಹೆಸರಿನ ಹೊಲದಲ್ಲಿ ಕಳೆ ತೆಗೆಯಲು ಹನ್ನೊಂದು ಹೆಂಗಸರು ಟಂಟಂ ಎಂಬ ಮೂರು ಗಾಲಿಯ ಗಾಡಿ ಹತ್ತಿ ಹೊರಟಿದ್ದರು. ಆ ಗುಂಪನ್ನು ಮನೆಮನೆಗೆ ಹೋಗಿ ಕೂಡಿಸುತ್ತಿದ್ದವಳು ಅವ್ವ. ಎಲ್ಲರಿಗಿಂತ ಮೊದಲು ಇಳಿಯಬೇಕೆಂದು ಆಕೆ ಯಾವಾಗಲೂ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂಡುತ್ತಿದ್ದಳು. ಕಾಲುವೆಯ ಏರಿಯ ಮೇಲೆ ಹಿಂದಿನ ಗಾಲಿ ಜಾರಿ ಗಾಡಿ ಮಗ್ಗುಲಿಗೆ ಬಿತ್ತು. ಹತ್ತು ಮಂದಿ ಕೆಸರಿಗೆ ಉರುಳಿ ತರಚು ಗಾಯದಲ್ಲಿ ಪಾರಾದರು. ಅವ್ವನ ಮೇಲೆ ಗಾಡಿ ಬಿತ್ತು.

ಎಡತೊಡೆಯ ಎಲುಬು ಎರಡು ಕಡೆ ಮುರಿದಿತ್ತು. ಸೊಂಟದ ಎಲುಬು ಸೀಳಿತ್ತು. ಎಡಗಡೆಯ ಐದು ಪಕ್ಕೆಲುಬುಗಳು ಹೋಗಿದ್ದವು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎರಡು ಸಲ ಆಪರೇಷನ್ ಮಾಡಿ ತೊಡೆಯೊಳಗೆ ರಾಡು ಹಾಕಿದರು. ರಕ್ತ ಬಹಳ ಹೋಗಿತ್ತು, ಬೇರೆಯವರ ರಕ್ತ ಹಾಕಿದರು. ಐಸಿಯುವಿನಿಂದ ವಾರ್ಡಿಗೆ ತಂದ ಮೇಲೆ ಮೂತ್ರದ ನಳಿಕೆಯಿಂದ ಒಂದು ಸೋಂಕಾಗಿ, ಅದಕ್ಕೆ ಏಳು ದಿನ ಇಂಜೆಕ್ಷನ್ ನಡೆಯಿತು. ನಾನು ಊರ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಶಾಲೆಗೆ ಬರುವುದಿಲ್ಲವೆಂದು ಹೇಳಿ ಆಸ್ಪತ್ರೆಯಲ್ಲೇ ಉಳಿದೆ. ಅಪ್ಪ ಎಮ್ಮೆ, ಹೊಲ ನೋಡಿಕೊಂಡು ದಿನ ಬಿಟ್ಟು ದಿನ ಬರುತ್ತಿದ್ದ. ಬಂದರೆ ಮಂಚದ ಪಕ್ಕ ನಿಂತು ಅವ್ವನ ಕಾಲಬೆರಳು ಮುಟ್ಟಿ ನೋಡುವುದು, ಬಿಸಿ ಇದ್ದರೆ ತಲೆಯಾಡಿಸುವುದು, ಇಷ್ಟೇ.

ಮನೆಗೆ ಕಳಿಸುವ ಮುಂಜಾನೆ ಡಾಕ್ಟರು ನನ್ನನ್ನು ಕರೆದು ಕೂಡಿಸಿದರು.

"ನಿಮ್ಮೂರಾಗ ಬಣವಿಗೆ ಬೆಂಕಿ ಬಿದ್ರ ಮಂದಿ ಏನ್ ಮಾಡ್ತಾರ?" ಎಂದು ಕೇಳಿದರು.

"ಎಲ್ಲಾರೂ ಕೊಡ ತಗೊಂಡು ಓಡ್ತಾರ್ರಿ."

"ಓಡೂ ಮುಂದ ಮನಿಗೆ ಕೀಲಿ ಹಾಕ್ತಾರೇನು?"

"ಇಲ್ಲರಿ."

"ನಿಮ್ಮ ತಾಯಿ ಮೈಯಾಗ ಹಂಗ ಆಗೇದ. ಅಷ್ಟು ದೊಡ್ಡ ಪೆಟ್ಟು ಬಿದ್ದಾಗ ಮೈ ತನ್ನ ಕಡೆ ಇದ್ದದ್ದೆಲ್ಲ ಅಲ್ಲಿಗೇ ಸುರೀತದ. ಬೆಂಕಿ ಆರೇದ, ಖರೆ. ಆದ್ರ ಓಡಿದವರೆಲ್ಲ ದಣದು ಬಿದ್ದಾರ. ಈಗ ಸಣ್ಣ ಕಳ್ಳ ಬಂದ್ರೂ ಹಿಡಿಯೋರಿಲ್ಲ. ನಮಗ ನಿಮಗ ಬರೇ ನೆಗಡಿ ಮಾಡೋ ಸೋಂಕು ಇವರ ಎದಿಗೆ ಇಳೀಬಹುದು."

ಎಷ್ಟು ದಿನ ಹೀಗಿರುತ್ತದೆ ಎಂದು ಕೇಳಿದೆ. ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು, ಮುಂಚೆಯೇ ಹೇಳಲಾಗುವುದಿಲ್ಲ ಎಂದರು. ಪಕ್ಕೆಲುಬಿನ ನೋವಿಗೆ ಆಕೆ ಜೋರಾಗಿ ಕೆಮ್ಮುವುದಿಲ್ಲ, ಕಫ ಒಳಗೇ ಕೂಡುತ್ತದೆ, ಅದಕ್ಕೆ ಪ್ಲಾಸ್ಟಿಕ್ ಡಬ್ಬಿಯಲ್ಲಿನ ಮೂರು ಗುಂಡುಗಳನ್ನು ದಿನಕ್ಕೆ ಹಲವು ಸಲ ಉಸಿರೆಳೆದು ಮೇಲೇರಿಸಬೇಕು. ಮೊಟ್ಟೆ, ಬೇಳೆ, ಹಾಲು ಕೊಡಬೇಕು. ಉಣ್ಣದ ಮೈಗೆ ಯಾವ ಶಕ್ತಿಯೂ ಬರುವುದಿಲ್ಲ. ಮಂದಿಯನ್ನು ಹತ್ತಿರ ಬಿಡಬಾರದು, ಕೈ ತೊಳೆಯದೆ ಮುಟ್ಟಬಾರದು. ಎಲ್ಲವನ್ನೂ ಬರೆದುಕೊಂಡೆ. ಏಳುವಾಗ ಅವರು ಮತ್ತೊಂದು ಮಾತು ಹೇಳಿದರು.

"ಬರೇ ಜ್ವರಕ್ಕ ಕಾಯಬ್ಯಾಡ್ರಿ. ಜ್ವರ ಅಂದ್ರ ಮೈ ಜಗಳಾಡಾಕತ್ತದ ಅಂತ. ಜಗಳಾಡೋ ತ್ರಾಣ ಇಲ್ಲಂದ್ರ ಮೈ ತಣ್ಣಗೂ ಆಗಬಹುದು. ಉಸಿರು ಎಣಿಸ್ರಿ. ಉಸಿರು ಜೋರಾತು, ಮಾತು ಅಡ್ಡಾದಿಡ್ಡಿ ಆತು ಅಂದ್ರ ಅವತ್ತs ಕರಕೊಂಡು ಬರ್ರಿ."

ನಮ್ಮ ಕಡೆ ಯಾರಾದರೂ ಬೇನೆ ಬಿದ್ದರೆ ಹೋಗಿ ಮಾತಾಡಿಸಿಕೊಂಡು ಬರಬೇಕು. ಬಾಳೆಹಣ್ಣೋ ಬ್ರೆಡ್ಡೋ ಹಿಡಿದು ಹೋಗಿ, ಮಂಚದ ಅಂಚಿಗೆ ಕೂತು, ಕೈ ಹಿಡಿದು, ಹೇಗಾಯಿತೆಂದು ಮೊದಲಿನಿಂದ ಕೇಳಬೇಕು. ಹೋಗದಿದ್ದರೆ ಆ ಮಾತು ವರ್ಷಗಟ್ಟಲೆ ಉಳಿಯುತ್ತದೆ. ಇದರಲ್ಲಿ ಅವ್ವ ಯಾರಿಗೂ ಕಡಿಮೆ ಇರಲಿಲ್ಲ. ಕಳೆ ತೆಗೆದು ಬಂದು, ಕೈಕಾಲು ತೊಳೆದು, ಚಹಾ ಸಹ ಕುಡಿಯದೆ ಹೊರಟುಬಿಡುತ್ತಿದ್ದಳು. ಬಾಣಂತಿ, ಮುದುಕರು, ಹಲ್ಲು ಕೀಳಿಸಿಕೊಂಡವರು, ಎಲ್ಲರ ಮನೆಗೂ. ಹಾಗಾಗಿ ಈಗ ಆಕೆಯನ್ನು ಮಾತಾಡಿಸುವುದು ಊರಿನವರ ಪಾಲಿಗೆ ಬಂದಿತ್ತು. ನಾನು ಬಾಗಿಲಲ್ಲಿ ಅಡ್ಡ ನಿಂತಿದ್ದೆ.

ಅಪ್ಪನ ಕಡೆಯ ಹಿರಿಯರೊಬ್ಬರು ಎಳನೀರು ಹಿಡಿದುಕೊಂಡು ಬಂದಿದ್ದರು. "ಏನ್ವಾ ಟೀಚರಮ್ಮ, ನಿಮ್ಮವ್ವನ್ನ ನೋಡಾಕ ಟಿಕೀಟ್ ಇಟ್ಟಿಯೇನು?" ಎಂದರು.

"ಟಿಕೀಟ್ ಇಲ್ಲ ಕಾಕಾ. ಒಳಗ ಬರೋದು ಬ್ಯಾಡ ಅಂದಾರ ಡಾಕ್ಟರು."

"ನಾನೂ ಬ್ಯಾಡೇನು? ಆಕಿ ಈ ಮನಿಗೆ ಬರೂ ಮುಂದ ಅಕ್ಕಿಕಾಳು ಹಾಕಿದಾಂವ ನಾನು."

"ನೀವೂ ಬ್ಯಾಡ್ರಿ ಕಾಕಾ."

ಎಳನೀರನ್ನು ಕಟ್ಟೆಯ ಮೇಲಿಟ್ಟು ಹೋದರು. ಅಪ್ಪ ಎಮ್ಮೆಯ ಕಡೆ ಮುಖ ಮಾಡಿ ನಿಂತಿದ್ದ.

ಬಾಜು ಮನೆಯ ಚಾಚಿ ಇದಕ್ಕೊಂದು ದಾರಿ ಮಾಡಿದಳು. ಆಕೆ ಕುಪ್ಪಸ ಹೊಲಿಯುತ್ತಾಳೆ, ಅವ್ವನಿಗಿಂತ ನಾಲ್ಕು ವರ್ಷ ದೊಡ್ಡವಳು. ಪಡಸಾಲೆಯ ಕಿಟಕಿ ಅಂಗಳಕ್ಕೆ ತೆರೆಯುತ್ತದೆ. ತನ್ನ ಮನೆಯ ಬೆಂಚನ್ನು ತಂದು ಕಿಟಕಿಯಿಂದ ಒಂದು ಮಾರು ದೂರ ಹಾಕಿದಳು. ಮಂಚವನ್ನು ಕಿಟಕಿಯ ಕಡೆ ತಿರುಗಿಸಲು ನನಗೆ ಹೇಳಿದಳು.

"ಇಲ್ಲಿಂದ ಮುಖಾನೂ ಕಾಣತೈತಿ, ಮಾತೂ ಕೇಳತೈತಿ. ನನ್ನ ದನಿ ಅಂತೂ ತಿರ್ಲಾಪುರತನಾ ಹೋಗತೈತಿ. ಒಳಗ ಬಂದು ಏನ್ ಮಾಡೂದೈತಿ, ಬೇಟಿ?"

ಮೊದಲ ವಾರ ಅದು ಚೆನ್ನಾಗಿ ನಡೆಯಿತು. ಬೆಂಚಿನ ಮೇಲೆ ಯಾರಾದರೂ ಇದ್ದೇ ಇರುತ್ತಿದ್ದರು. ಟಂಟಂ ಹೇಗೆ ಬಿತ್ತೆಂದು ಅವ್ವ ಎಲ್ಲರಿಗೂ ಮೊದಲಿನಿಂದ ಹೇಳುತ್ತಿದ್ದಳು. ಹೇಳಿದಂತೆಲ್ಲ ಏರಿ ಎತ್ತರವಾಗುತ್ತಿತ್ತು. "ಮೊನ್ನೆ ಒಂದಾಳು ಇತ್ತು, ಇವತ್ತು ಎರಡಾಳು ಆತಲ್ಲ" ಎಂದು ಚಾಚಿ ನಗಿಸಿದಾಗ ಅವ್ವ ಪಕ್ಕೆ ಹಿಡಿದುಕೊಂಡು, "ನಗಸಬ್ಯಾಡ ಬೇ, ಜೀವ ಹೋಗತೈತಿ" ಎಂದಳು. ಮೂರು ಗುಂಡುಗಳಲ್ಲಿ ಎರಡನ್ನು ಮೇಲೇರಿಸುತ್ತಿದ್ದಳು. ಉಸಿರು ನಿಮಿಷಕ್ಕೆ ಹದಿನೆಂಟರ ಸುತ್ತಮುತ್ತ ಇರುತ್ತಿತ್ತು. ದಿನಾ ಎರಡು ಮೊಟ್ಟೆ ತಿನ್ನುತ್ತಿದ್ದಳು.

ಎರಡನೆಯ ವಾರ ಬೆಂಚು ಖಾಲಿಯಾಗತೊಡಗಿತು. ಮಳೆ ಬಿಟ್ಟಿದೆ, ಎಲ್ಲರೂ ಹೊಲಕ್ಕೆ ಹೋಗುತ್ತಿರಬೇಕು ಎಂದುಕೊಂಡೆ. ಜೋಳ ಬೀಸಿಸಲು ಗಿರಣಿಗೆ ಹೋದಾಗ ಕಾರಣ ತಿಳಿಯಿತು. ನಾನು ಡಬ್ಬಿ ಇಟ್ಟ ಕೂಡಲೇ ಮುಂದಿದ್ದ ಹೆಂಗಸು ತನ್ನ ಡಬ್ಬಿಯನ್ನು ಸರಿಸಿಕೊಂಡಳು.

"ನಿಮ್ಮವ್ವಗ ದವಾಖಾನ್ಯಾಗ ಏನೋ ಹತ್ತೇತಂತಲ್ಲ? ಖರೇನು?"

"ಏನೂ ಹತ್ತಿಲ್ಲ. ಆಕಿಯಿಂದ ನಿಮಗ ಅಲ್ಲ, ನಮ್ಮಿಂದ ಆಕಿಗೆ ಹತ್ತಬಾರದು ಅಂತ ಬಾಗಲಾ ಹಾಕೇವಿ."

"ಹೌದೇನು," ಎಂದು ತಲೆಯಾಡಿಸಿದಳು. ಡಬ್ಬಿಯನ್ನು ಇನ್ನೊಂದಿಷ್ಟು ಸರಿಸಿದಳು.

ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಕ್ಷಯ ಆದವರ ತಾಟು ಬೇರೆ ಇಡುವುದನ್ನು ಊರು ನೋಡಿತ್ತು. ಕೊರೊನಾ ಬಂದಾಗ ಯಾರ ಮನೆಗೆ ಹಗ್ಗ ಕಟ್ಟಿದ್ದರು ಎಂಬುದು ಎಲ್ಲರಿಗೂ ನೆನಪಿತ್ತು. ಬಾಗಿಲು ಮುಚ್ಚಿದೆ ಎಂದರೆ ರೋಗ ಒಳಗಿದೆ ಎಂದೇ ಅರ್ಥ. ರೋಗ ಹೊರಗಿದೆ, ಒಳಗಿನವಳು ಅದಕ್ಕೆ ಸಿಗಬಾರದು ಎಂದು ಮುಚ್ಚಿದ ಬಾಗಿಲನ್ನು ನಮ್ಮೂರಲ್ಲಿ ಯಾರೂ ನೋಡಿರಲಿಲ್ಲ. ಅದೂ ಗಾಯ ಒಣಗಿದವಳಿಗೆ. ಸಿಕ್ಕಸಿಕ್ಕವರಿಗೆ ಬಿಡಿಸಿ ಹೇಳಿದೆ. ಇಷ್ಟು ಹೇಳುತ್ತಾಳೆಂದರೆ ಏನೋ ಇರಬೇಕು ಎಂದು ಕೆಲವರಿಗೆ ಅನ್ನಿಸಿತೆಂದು ಚಾಚಿಯಿಂದ ತಿಳಿಯಿತು.

ಅವ್ವನಿಗೆ ಇದನ್ನು ಯಾರೂ ಹೇಳಲಿಲ್ಲ. ಕಳೆ ಗುಂಪಿನ ಒಬ್ಬಳು ಕಿಟಕಿಗೆ ಬಂದಳು. ಅಂದು ಅದೇ ಟಂಟಂನಲ್ಲಿ ಅವ್ವನ ಪಕ್ಕ ಕೂತಿದ್ದವಳು. ಬೆಂಚಿನ ಮೇಲೆ ಕೂಡಲಿಲ್ಲ. ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಮಾತಾಡಿದಳು.

"ಸೆರಗ್ಯಾಕ ಮುಚ್ಕೊಂಡಿ?" ಎಂದು ಅವ್ವ ಕೇಳಿದಳು.

"ಸುಮ್ನ. ಗಾಳಿ ಐತಿ."

ಗಾಳಿ ಇರಲಿಲ್ಲ. ಅವಳು ಹೋದ ಮೇಲೆ ಅವ್ವ ನನ್ನನ್ನು ಹತ್ತಿರ ಕರೆದಳು.

"ನಾ ಏನ್ ಹತ್ತಿಸಿಕೊಂಡು ಬಂದೀನಿ ಅಂತಾರ?" ಎಂದಳು.

"ಏನೂ ಇಲ್ಲವ್ವ. ಮಂದಿಗೆ ತಿಳಿದಿಲ್ಲ."

"ಇಷ್ಟ ವರ್ಷ ಎಲ್ಲಾರ ಮನಿ ಮಂಚದ ಮ್ಯಾಲ ಕುಂತು ಬಂದಾಕಿ ನಾನು. ನನ್ನ ಮಂಚಕ್ಕ ಯಾರೂ ಬ್ಯಾಡ ಅಂತ ಮಾಡಿದಿಯಲ್ಲ."

ಅಂದು ಸಂಜೆ ಅರ್ಧ ರೊಟ್ಟಿ ತಿಂದಳು. ಮರುದಿನ ಮೊಟ್ಟೆ ಬೇಡವೆಂದಳು. ಆಮೇಲೆ ಬೇಳೆಯ ಕಟ್ಟು, ಒಂದೆರಡು ತುತ್ತು ಅನ್ನ, ಅಷ್ಟೇ. ಗುಂಡಿನ ಡಬ್ಬಿಯನ್ನು ಬಾಯಿಗೆ ಹಿಡಿದರೆ ಮುಖ ತಿರುಗಿಸುತ್ತಿದ್ದಳು. ಬಾಗಿಲು ತೆಗೆದುಬಿಡೋಣವೇ ಎಂದು ಅಪ್ಪ ಒಮ್ಮೆ ಕೇಳಿದ. ಇನ್ನೆರಡು ವಾರ ತಡಿ ಎಂದೆ. ಹಸಿದು ಮಲಗಿದವಳ ಬಾಗಿಲು ಕಾಯುವುದರಿಂದ ಏನು ಉಳಿಯುತ್ತದೆ ಎಂದು ಅವನು ಕೇಳಲಿಲ್ಲ. ಆದರೆ ಮಂಚದ ಕೆಳಗಿನ ತಾಟನ್ನು ಎತ್ತಿಕೊಂಡು ಹೋಗುವಾಗ ಅದನ್ನು ನನ್ನ ಮುಂದೆ ಹಿಡಿದು ತೋರಿಸಿ ಹೋದ.

ಆ ವರ್ಷ ಪಂಚಮಿ ತಡವಾಗಿ ಬಂದಿತ್ತು. ಅವ್ವನಿಗೆ ತಂದೆ ತಾಯಿ ಚಿಕ್ಕಂದಿನಲ್ಲೇ ಹೋಗಿ, ಅಕ್ಕನೇ ಬೆಳೆಸಿ ಮದುವೆ ಮಾಡಿಕೊಟ್ಟಿದ್ದಳು. ಹಾಗಾಗಿ ಕಲಘಟಗಿ ಕಡೆಯ ಮಿಶ್ರಿಕೋಟಿಯಲ್ಲಿರುವ ಅಕ್ಕನ ಮನೆಯೇ ಅವ್ವನ ತವರು. ನನಗೆ ಆಕೆ ದೊಡ್ಡವ್ವ. ಪ್ರತಿ ಪಂಚಮಿಗೆ ಅವ್ವ ಅಲ್ಲಿಗೆ ಹೋಗುತ್ತಿದ್ದಳು. ಈ ಸಲ ತವರೇ ಬಂದಿತು. ಪಂಚಮಿಯ ಹಿಂದಿನ ದಿನ ಮಧ್ಯಾಹ್ನ ಎರಡು ಬಸ್ಸು ಬದಲಿಸಿ, ಮಳೆಯಲ್ಲಿ ನೆಂದು, ಉಂಡೆಯ ಡಬ್ಬಿ ಹೊತ್ತು ದೊಡ್ಡವ್ವ ಅಂಗಳದಲ್ಲಿ ನಿಂತಿದ್ದಳು.

"ದೊಡ್ಡವ್ವ, ನಿನಗ ಕೆಮ್ಮು ಐತೇನು?" ಎಂದು ಕೇಳಿದೆ.

"ಬಂದಾಕಿಗೆ ನೀರು ಕೊಡೂದು ಬಿಟ್ಟು ಕೆಮ್ಮು ಕೇಳ್ತಿಯಲ್ಲಲೇ. ಬಸ್ಸಿನ್ಯಾಗ ಗಾಳಿ ಬಡದೈತಿ, ಗಂಟಲಾ ಕೆರಿತೈತಿ. ಮತ್ತೇನಿಲ್ಲ."

"ಕಿಡಕಿ ಕಡೆ ಬಾ. ಇಲ್ಲೇ ಬೆಂಚ್ ಐತಿ."

ದೊಡ್ಡವ್ವ ಬೆಂಚನ್ನು ನೋಡಿದಳು, ನನ್ನನ್ನು ನೋಡಿದಳು. ಹೋಗಿ ಕೂತಳು. ಒಳಗಿನಿಂದ ಅವ್ವ ನನ್ನನ್ನು ಕರೆದಳು. ಎಷ್ಟೋ ದಿನದ ಮೇಲೆ ಗಟ್ಟಿ ದನಿಯಲ್ಲಿ.

"ಬಾಗಲಾ ತಗಿ."

"ಅವ್ವ, ಡಾಕ್ಟರು..."

"ಡಾಕ್ಟರು ಹೇಳಿದ್ದು ನಾನೂ ಕೇಳೇನಿ. ಈಕಿನೂ ಹೊರಗ ಕುಂತು ಹೋದ್ರ ಮಂದಿ ಅಂದಿದ್ದು ಖರೇ ಆಗತೈತಿ. ಜೀವ ನಂದು. ತಗಿ."

ಅಪ್ಪ ಎದ್ದು ಬಾಗಿಲು ತೆಗೆದ.

ಸಾಬೂನು ಕೊಟ್ಟೆ, ದೊಡ್ಡವ್ವ ಮೊಣಕೈತನಕ ಕೈ ತೊಳೆದಳು. ಒಣ ಸೀರೆ ಉಟ್ಟಳು. ಮಾಸ್ಕ್ ಕೊಟ್ಟೆ, ಅದನ್ನೂ ಕಟ್ಟಿಕೊಂಡಳು. ಮಂಚದ ಅಂಚಿಗೆ ಕೂತು ಅವ್ವನ ಜಡೆ ಬಿಚ್ಚಿ, ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿದಳು. "ತಲಿ ಹೆಂಗ ಮಾಡ್ಕೊಂಡಿ ನೋಡು, ಕಾಗಿ ಗೂಡು ಆಗೈತಿ" ಎಂದು ಬೈದಳು. ಬೈಯುತ್ತ ಅಳುತ್ತಿದ್ದಳು, ಮಾಸ್ಕ್ ಒದ್ದೆಯಾಗಿ ಅದನ್ನು ಗದ್ದಕ್ಕೆ ಇಳಿಸಿದಳು. ನಾನು ಮೇಲೇರಿಸು ಎಂದೆ, ಏರಿಸಿದಳು, ಮತ್ತೆ ಇಳಿಯಿತು. ಅಕ್ಕ ಉಣಿಸಿದ್ದಕ್ಕೆ ಅವ್ವ ಒಂದೂವರೆ ರೊಟ್ಟಿ, ಮೊಟ್ಟೆ, ಒಂದು ಶೇಂಗಾ ಉಂಡೆ ತಿಂದಳು. ಡಬ್ಬಿಯ ಮೂರೂ ಗುಂಡುಗಳು ಮೊದಲ ಸಲ ಮೇಲೇರಿದ್ದು ಅಂದೇ. ಅಕ್ಕ ತಂಗಿ ಇಬ್ಬರೂ ಅವು ಮೇಲೇರಿದ್ದನ್ನು ನೋಡಿ ಚಪ್ಪಾಳೆ ತಟ್ಟಿದರು. ದೊಡ್ಡವ್ವ ಹಬ್ಬ ಮುಗಿಸಿ, ಎರಡು ದಿನ ಇದ್ದು ಹೋದಳು.

ಆಕೆ ಹೋದ ಮೂರನೆಯ ದಿನ ಅವ್ವ ಸುಸ್ತು ಎಂದಳು. ಥರ್ಮಾಮೀಟರ್ ತೊಂಬತ್ತೇಳು ತೋರಿಸಿತು. ಮರುದಿನ ಬೆಳಿಗ್ಗೆ ತೊಂಬತ್ತಾರಕ್ಕಿಂತ ಕೆಳಗಿತ್ತು. ಅಪ್ಪ ಹಣೆ ಮುಟ್ಟಿ, "ಮೈ ತಣ್ಣಗೈತಿ, ಆರಾಮ ಅದಾಳ" ಎಂದ. ದೊಡ್ಡವ್ವ ಫೋನಿನಲ್ಲಿ ಅದನ್ನೇ ಹೇಳಿದಳು: "ಜ್ವರ ಇಲ್ಲಲ್ಲ? ಹಂಗಾರ ಅಂಜಬ್ಯಾಡ." ಬೇನೆ ಎಂದರೆ ಬಿಸಿ, ತಂಪು ಎಂದರೆ ಗುಣ. ಇದಕ್ಕಿಂತ ಬೇರೆ ತಿಳಿವಳಿಕೆ ನಮ್ಮಲ್ಲಿ ಯಾರಿಗೂ ಇಲ್ಲ. ನಾನು ಗಡಿಯಾರ ಹಿಡಿದು ಉಸಿರು ಎಣಿಸಿದೆ. ಮೂವತ್ತೆರಡು. ಮತ್ತೊಮ್ಮೆ ಎಣಿಸಿದೆ. ಮೂವತ್ತನಾಲ್ಕು. ಅವ್ವ ಕಣ್ಣು ತೆರೆದು, "ಟಂಟಂ ಬಂತೇನು? ಹನ್ನೊಂದ ಮಂದಿ ಅದೀವಿ ಅನ್ನು" ಎಂದಳು.

ಗಾಡಿ ತರಲು ಅಪ್ಪ ಓಡಿದ. ಅವ್ವನನ್ನು ಎತ್ತಿ ಕೂಡಿಸಲು ಬೇರೆ ಯಾರೂ ಬರಲಿಲ್ಲ. ಚಾಚಿ ಬಂದಳು. ಹುಬ್ಬಳ್ಳಿ ತನಕ ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಎಡಗಡೆಯ ಶ್ವಾಸಕೋಶದ ಕೆಳಭಾಗ ಸೋಂಕು ತುಂಬಿ ಪೂರ್ತಿ ಬಿಳಿಯಾಗಿದೆ ಎಂದು ಡಾಕ್ಟರು ಎಕ್ಸ್‌ರೇ ತೋರಿಸಿದರು. ಸೋಂಕು ರಕ್ತಕ್ಕೆ ಇಳಿದಿತ್ತು. ಉಸಿರಾಟದ ಮಷೀನ್ ಹಾಕಿದರು. ಔಷಧ ಬದಲಿಸಿದರು, ಮತ್ತೆ ಬದಲಿಸಿದರು. ತಡ ಮಾಡಿದೆವೇ ಎಂದು ಕೇಳಿದೆ. ಇಲ್ಲ, ಲಕ್ಷಣ ಕಂಡ ದಿನವೇ ತಂದಿದ್ದೀರಿ, ಗಟ್ಟಿ ಇದ್ದವರಾಗಿದ್ದರೆ ಇಷ್ಟು ಔಷಧಕ್ಕೆ ಎದ್ದು ಕೂಡುತ್ತಿದ್ದರು, ಇವರ ಮೈಯಲ್ಲಿ ಔಷಧದ ಜೊತೆ ನಿಲ್ಲುವ ಬಲವೇ ಉಳಿದಿಲ್ಲ ಎಂದರು. ಯಾರಿಂದ ಬಂತು ಎಂದು ಕೇಳಿದೆ.

"ಹೇಳಾಕ ಬರೂದಿಲ್ಲ ತಂಗಿ. ಮನಿಗೆ ಬಂದವರಿಂದ ಬಂದಿರಬಹುದು. ಇಲ್ಲಿಂದs ಹೋಗಿರಬಹುದು. ಅವರ ಗಂಟಲಾಗ ಮೊದಲs ಇದ್ದದ್ದು ಕೆಳಗ ಇಳಿದಿರಬಹುದು. ಉಣ್ಣದs, ಆಳವಾಗಿ ಉಸಿರು ತಗೊಳ್ಳದs ಇದ್ದ ದಿನಗಳೂ ಇದ್ದಾವ ಅಂತೀರಿ."

ಆರನೆಯ ದಿನ ಬೆಳಿಗ್ಗೆ ಅವ್ವ ತೀರಿಕೊಂಡಳು. ತೊಡೆಯ ಎಲುಬು ಚೆನ್ನಾಗಿ ಕೂಡುತ್ತಿದೆ ಎಂದು ಅದರ ಹಿಂದಿನ ದಿನದ ಎಕ್ಸ್‌ರೇಯಲ್ಲಿ ಕಂಡಿತ್ತು.

ಮಣ್ಣಿಗೆ ಊರೆಲ್ಲ ಬಂದಿತ್ತು. ಪಡಸಾಲೆಯಲ್ಲಿ ನಿಲ್ಲಲು ಜಾಗ ಇರಲಿಲ್ಲ. ನಾನು ಎಣಿಸಲಿಲ್ಲ.

ಅವ್ವನ ದಿನಕರ್ಮ ಮುಗಿದ ಮೇಲೆ ದೊಡ್ಡವ್ವ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಆಕೆಯನ್ನು ಯಾರೂ ಏನೂ ಅಂದಿರಲಿಲ್ಲ. ಬಂದ ಐದು ದಿನವೂ ಆಕೆ ಒಳಗೆ ಮಲಗಿರಲಿಲ್ಲ. ಕಟ್ಟೆಯ ಮೇಲೇ ಇರುತ್ತಿದ್ದಳು. ನಾನು ಚಹಾ ಕೊಟ್ಟು ಪಕ್ಕದಲ್ಲಿ ಕೂತೆ.

"ಡಾಕ್ಟರು ಏನಂದ್ರು? ನಾ ತಂದನೇನು?"

ಆಕೆ ಕೇಳುತ್ತಾಳೆಂದು ನನಗೆ ಗೊತ್ತಿತ್ತು. ಏನು ಹೇಳಬೇಕೆಂದು ಮೂರು ರಾತ್ರಿ ಯೋಚಿಸಿದ್ದೆ. ಕೊನೆಗೆ ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ.

"ಅಂದ್ರ ನಂದೂ ಇರಬೌದು."

"ಇರಬೌದು."

"ನಾ ಹೊರಗs ಕುಂತು ಹೋಗಿದ್ರ ಉಳೀತಿದ್ಲೇನು?"

"ಗೊತ್ತಿಲ್ಲ ದೊಡ್ಡವ್ವ. ನೀ ಬರೂತನಕ ಆಕಿ ಊಟಾನ ಬಿಟ್ಟಿದ್ಲು. ಅದರಿಂದನೂ ಮೈ ಸೋಲತೈತಿ ಅಂದ್ರು."

ದೊಡ್ಡವ್ವ ಚಹಾದ ಕಪ್ಪನ್ನು ಕೆಳಗಿಟ್ಟಳು.

"ಹೌದು ನಿಂದs ಅಂದಿದ್ರ ಎದಿ ಬಡಕೊಂಡು ಅಳತಿದ್ದೆ. ಅಲ್ಲ ಅಂದಿದ್ರ ಉಂಡು ಮಲಗತಿದ್ದೆ. ಇದನ್ನ ತಗೊಂಡು ನಾ ಏನ್ ಮಾಡ್ಲಿ?"

ನಾನು ಕಪ್ಪನ್ನು ಎತ್ತಿಕೊಂಡು ಹೋಗಿ ತೊಳೆದಿಟ್ಟು ಬಂದೆ.

ಮಧ್ಯಾಹ್ನದ ಬಸ್ಸಿಗೆ ಆಕೆಯನ್ನು ಬಿಡಲು ಹೋದೆ. ದಾರಿಯಲ್ಲಿ ಆಕೆಗೆ ಒಮ್ಮೆ ಕೆಮ್ಮು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡು, ರಸ್ತೆ ದಾಟಿ, ಆಚೆ ಬದಿಯಲ್ಲಿ ನಡೆಯತೊಡಗಿದಳು. ನಾನು ದಾಟಿ ಹೋದೆ. ಆಕೆ ಮತ್ತೆ ಈಚೆ ಬದಿಗೆ ಬಂದಳು.